ಲಗಾಮು ಎಳೆದಷ್ಟೂ ಓಡುವ ಕುದುರೆ

ಪ್ರಶ್ನೆ: ನನಗೆ 47 ವರ್ಷ. ಮೈಸೂರಿನ ಹೊರವಲಯದಲ್ಲಿ ತೆಂಗಿನ ತೋಟವಿದೆ. ಸವಾರಿ ಕಲಿತ ಮಗಳ ಆಸೆಗೆ ಕಟ್ಟುಬಿದ್ದು ನಾಲ್ಕು ತಿಂಗಳ ಹಿಂದೆ, ರೇಸಿನಿಂದ ನಿವೃತ್ತಿಯಾದ ಆರು ವರ್ಷದ ಹೆಣ್ಣು ಕುದುರೆಯನ್ನು ತಂದೆ. ಹತ್ತಲು ಹೋದರೆ ನಿಲ್ಲುವುದಿಲ್ಲ. ಲಗಾಮು ಎಳೆದರೆ ಇನ್ನೂ ಜೋರಾಗಿ ಓಡುತ್ತದೆ. ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಕುದುರೆ ನೋಡಿಕೊಳ್ಳುವ ನಮ್ಮ ಸೈಸ್ ಮೂವತ್ತು ವರ್ಷ ರೇಸ್ ಲಾಯಗಳಲ್ಲಿ ದುಡಿದವರು. ‘ಮುದ್ದು ಮಾಡಿ ಕೆಡಿಸಿದ್ದೀರಿ ಸಾರ್, ಎರಡು ಬಿಟ್ಟರೆ ತಾನಾಗಿ ದಾರಿಗೆ ಬರುತ್ತೆ’ ಅನ್ನುತ್ತಾರೆ. ಹೋದ ತಿಂಗಳು ಅದು ನನ್ನ ತೋಳಿಗೆ ಬಾಯಿ ಹಾಕಿದಾಗ ಸಿಟ್ಟು ತಡೆಯದೆ ಚಾಟಿಯಲ್ಲಿ ನಾಲ್ಕೈದು ಬಾರಿಸಿಬಿಟ್ಟೆ. ಮಗಳು ನೋಡಿದಳು. ಅವತ್ತಿನಿಂದ ನಾನು ಲಾಯಕ್ಕೆ ಹೋದರೆ ಕುದುರೆ ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತದೆ. ಮಗಳು ಅತ್ತ ಸುಳಿಯುವುದನ್ನೇ ಬಿಟ್ಟಿದ್ದಾಳೆ. ಮಾರಿಬಿಡಿ ಅನ್ನುತ್ತಾಳೆ ಹೆಂಡತಿ. ಪ್ರೀತಿಯಿಂದ ಪಳಗಿಸುವುದು ಬರೀ ಪುಸ್ತಕದ ಮಾತೇ?
– ಹೆಸರು ಬೇಡ, ಮೈಸೂರು

ಉತ್ತರ: ಕುದುರೆಯ ಮೇಲೆ ನೀವು ಮೂರು ದೂರು ಹೇಳಿದ್ದೀರಿ. ಅದರಲ್ಲಿ ಎರಡು, ಅದು ಹಿಂದೆ ಕಲಿತ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದೆ ಎನ್ನುವುದಕ್ಕೆ ಸಾಕ್ಷಿ.

ರೇಸಿನಲ್ಲಿ ಜಾಕಿ ಸಾಮಾನ್ಯವಾಗಿ ರಿಕಾಪಿಗೆ ಕಾಲಿಟ್ಟು ಹತ್ತುವುದಿಲ್ಲ. ಪಕ್ಕದಲ್ಲಿದ್ದವರು ಅವನ ಕಾಲಿಗೆ ಕೈಕೊಟ್ಟು ಮೇಲೆತ್ತಿ ಕೂರಿಸುತ್ತಾರೆ, ಎಷ್ಟೋ ಸಲ ಕುದುರೆ ನಡೆಯುತ್ತಿರುವಾಗಲೇ. ಸವಾರ ಹತ್ತುವವರೆಗೆ ಅಲುಗದೆ ನಿಲ್ಲಬೇಕೆಂದು ನಿಮ್ಮ ಕುದುರೆಗೆ ಯಾರೂ ಹೇಳಿಕೊಟ್ಟಿರಲಾರರು. ಇನ್ನು ಲಗಾಮು. ಓಟದಲ್ಲಿ ಜಾಕಿ ಲಗಾಮು ಬಿಗಿ ಹಿಡಿದಾಗ ಕುದುರೆ ಆ ಬಿಗಿತಕ್ಕೆ ಬಾಯಿಕೊಟ್ಟು, ಅದಕ್ಕೇ ಒರಗಿಕೊಂಡು ಓಡುವುದನ್ನು ರೂಢಿ ಮಾಡಿಕೊಳ್ಳುತ್ತದೆ. ನಿಮ್ಮ ಮಗಳು ಹೆದರಿ ಲಗಾಮು ಜಗ್ಗಿದಾಗ ಅವಳು ಹೇಳಿದ್ದು ‘ನಿಲ್ಲು’, ಕುದುರೆಗೆ ಕೇಳಿಸಿದ್ದು ‘ಹೊರಡು’. ಅದರ ಮೇಲೆ ಚಾಟಿ ಬಿದ್ದರೆ? ರೇಸ್ ಮುಗಿಯುವ ಹೊತ್ತಿಗೆ ಬೀಳುವ ಚಾಟಿಯ ಅರ್ಥ ಅದಕ್ಕೆ ಚೆನ್ನಾಗಿ ಗೊತ್ತು: ಇನ್ನೂ ಜೋರಾಗಿ.

ಮೂರನೆಯ ದೂರು, ಕಚ್ಚುವುದು. ಅದಕ್ಕೆ ನನ್ನ ಸಲಹೆಗಿಂತ ಮೊದಲು ಪಶುವೈದ್ಯರು ಬೇಕು. ಕುದುರೆಯ ಹೊಟ್ಟೆಯಲ್ಲಿ ಹಗಲೂ ರಾತ್ರಿ ಆಮ್ಲ ಒಸರುತ್ತಲೇ ಇರುತ್ತದೆ. ಸದಾ ಮೇಯುವ ಪ್ರಾಣಿಗೆ ಅದು ಸರಿ. ಲಾಯದಲ್ಲಿ ಕಟ್ಟಿಹಾಕಿ, ಹುಲ್ಲು ಕಡಿಮೆ ಮಾಡಿ, ಕಾಳು ಹೆಚ್ಚು ತಿನ್ನಿಸಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ರೇಸ್ ಕುದುರೆಗಳಲ್ಲಿ ಇದು ತೀರಾ ಸಾಮಾನ್ಯ. ಹೊಟ್ಟೆ ಸುತ್ತ ಪಟ್ಟಿ ಬಿಗಿಯುವಾಗಲೇ ಅದು ಬಾಯಿ ಹಾಕುತ್ತಿದೆ ಎಂದು ಬರೆದಿದ್ದೀರಿ, ಆ ಸುಳಿವನ್ನು ಬಿಡಬೇಡಿ. ಹಲ್ಲಿನ ಅಂಚು ಚೂಪಾಗಿದೆಯೇ, ಬೆನ್ನು ಮುಟ್ಟಿದರೆ ನೋವಿದೆಯೇ, ಜೀನು ಅದರ ಬೆನ್ನಿಗೆ ಹೊಂದುತ್ತದೆಯೇ ಎಲ್ಲವನ್ನೂ ತೋರಿಸಿ. ನೋವಿರುವ ಪ್ರಾಣಿಗೆ ಶಿಸ್ತು ಕಲಿಸಲು ಹೊರಟರೆ ಮಾತು ಬಾರದವರ ಬಾಯಿ ಮುಚ್ಚಿಸಿದ ಹಾಗೆ.

ಪ್ರೀತಿಯಿಂದ ಪಳಗಿಸುವುದು ಹೊಸಕಾಲದ ಶೋಕಿಯೇನಲ್ಲ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರೀಸಿನ ಝೆನೊಫನ್ ಕುದುರೆ ಸವಾರಿಯ ಮೇಲೆ ಒಂದು ಪುಸ್ತಕ ಬರೆದ. ಅವನೇನು ಮೆತ್ತಗಿನ ಆಸಾಮಿಯಲ್ಲ, ಯುದ್ಧ ಕಂಡ ಸೇನಾನಿ. ಸಿಟ್ಟಿನಲ್ಲಿ ಕುದುರೆಯ ಹತ್ತಿರ ಹೋಗಲೇಬೇಡಿ ಅನ್ನುತ್ತಾನೆ. ಯಾವುದನ್ನೋ ಕಂಡು ಬೆದರಿದ ಕುದುರೆಗೆ ಹೊಡೆದರೆ, ಆ ನೋವು ಬಂದದ್ದೂ ಅದರಿಂದಲೇ ಎಂದುಕೊಂಡು ಇನ್ನಷ್ಟು ಬೆದರುತ್ತದೆ ಎನ್ನುವುದು ಅವನ ವಿವರಣೆ. ನಿಮ್ಮ ಕುದುರೆಯೂ ಏಟನ್ನು ಕಚ್ಚಿದ ತಪ್ಪಿನೊಂದಿಗೆ ತಾಳೆ ಹಾಕಲಿಲ್ಲ. ನಿಮ್ಮೊಂದಿಗೆ ತಾಳೆ ಹಾಕಿತು. ಗೋಡೆ ಕಡೆ ತಿರುಗುವುದು ಅದಕ್ಕೇ.

ಇನ್ನೊಂದು ಕುದುರೆಯ ಕಥೆ ಕೇಳಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಹೆಸರಾಗಿತ್ತು. ಐದಕ್ಕೆ ಮೂರು ಕೂಡಿಸು ಎಂದರೆ ಗೊರಸಿನಿಂದ ಎಂಟು ಸಲ ನೆಲ ಕುಟ್ಟುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬ ಮನೋವಿಜ್ಞಾನಿ ಗುಟ್ಟು ಬಯಲು ಮಾಡಿದ. ಸರಿಯುತ್ತರ ಬಂದ ಗಳಿಗೆಯಲ್ಲಿ ಪ್ರಶ್ನೆ ಕೇಳಿದವರ ತಲೆ ಅವರಿಗೇ ತಿಳಿಯದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹಾನ್ಸ್ ಅದನ್ನು ಓದಿ ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಅದಕ್ಕೂ ಗೊತ್ತಾಗುತ್ತಿರಲಿಲ್ಲ. ಲೆಕ್ಕ ಬಾರದಿದ್ದರೇನು, ಮನುಷ್ಯರನ್ನು ಓದಲು ಬರುತ್ತಿತ್ತು. ನೀವು ಬಿಗಿದ ಭುಜ, ಹಿಡಿದ ಉಸಿರಿನೊಂದಿಗೆ ಲಾಯಕ್ಕೆ ಕಾಲಿಟ್ಟರೆ ನಿಮ್ಮ ಕೈಯಲ್ಲಿ ಬೆಲ್ಲವಿದ್ದರೂ ಅಷ್ಟೇ, ಚಾಟಿಯಿದ್ದರೂ ಅಷ್ಟೇ.

ಹಾಗಾದರೆ ಮಾಡುವುದೇನು? ವೈದ್ಯರು ಸರಿ ಎಂದ ಮೇಲೂ ಎರಡು ವಾರ ಸವಾರಿ ಬೇಡ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಕುದುರೆಗೆ ಹಣೆಯ ನೇರಕ್ಕೂ ಬಾಲದ ಹಿಂದಕ್ಕೂ ಕಣ್ಣು ಹಾಯುವುದಿಲ್ಲ, ಆದ್ದರಿಂದ ಭುಜದ ಪಕ್ಕದಿಂದ ಮಾತಾಡಿಸುತ್ತ ಹೋಗಿ. ಜೂಲು ಮುಗಿಯುವಲ್ಲಿ, ಬೆನ್ನಿನ ಉಬ್ಬಿನ ಬುಡದಲ್ಲಿ ಬೆರಳಿನಿಂದ ಗಟ್ಟಿಯಾಗಿ ತುರಿಸಿ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಅಲ್ಲಿ ತುರಿಸಿದರೆ ಎದೆಬಡಿತ ಇಳಿಯುತ್ತದೆಂದು 1993ರಲ್ಲಿ ಪ್ರಕಟವಾದ, ಫ್ರಾನ್ಸಿನ ಕಮಾರ್ಗ್ ಕುದುರೆಗಳ ಅಧ್ಯಯನ ತೋರಿಸಿದೆ.

ಆಮೇಲೆ ಹೊಸ ಭಾಷೆ. ನೆಲದ ಮೇಲೆ ನಿಂತೇ, ಕುದುರೆಯ ಮುಖಪಟ್ಟಿಗೆ ಕಟ್ಟಿದ ಹಗ್ಗವನ್ನು ಹಿಂದಕ್ಕೆ ಹಗುರವಾಗಿ ಒತ್ತಿ, ಜಗ್ಗಬೇಡಿ. ಕುದುರೆ ಮೈಭಾರವನ್ನು ಹಿಂದಕ್ಕೆ ಹಾಕಿದ ಗಳಿಗೆಯಲ್ಲೇ, ಹೆಜ್ಜೆ ಕಿತ್ತಿಡುವುದಕ್ಕೂ ಕಾಯದೆ, ಹಗ್ಗ ಸಡಿಲ ಬಿಡಿ. ಅದು ಕಲಿಯುವುದು ನೀವು ಬಿಟ್ಟ ಆ ಗಳಿಗೆಯಿಂದ. ತಡವಾಗಿ ಬಿಟ್ಟರೆ ತಪ್ಪು ಪಾಠವಾಗುತ್ತದೆ. ಇಷ್ಟು ಪಕ್ಕಾ ಆದರೆ ಮುಂದೆ ಬೆನ್ನ ಮೇಲೆ ಕೂತಾಗ ಲಗಾಮಿನ ಅರ್ಥವೂ ಬದಲಾಗುತ್ತದೆ. ಹತ್ತುವ ಪಾಠವೂ ಹೀಗೆಯೇ. ಕುದುರೆಯ ಪಕ್ಕ ಒಂದು ಸ್ಟೂಲಿಟ್ಟು ಹತ್ತಿ ನಿಲ್ಲಿ, ತುರಿಸಿ, ಇಳಿದುಬನ್ನಿ. ನಾಳೆ ಬೆನ್ನ ಮೇಲೆ ತೋಳು ಚಾಚಿ, ಇಳಿದುಬನ್ನಿ. ಅಲುಗದೆ ನಿಂತರೆ ಏನೂ ಆಗುವುದಿಲ್ಲವೆಂದು ಅದಕ್ಕೆ ಖಾತ್ರಿಯಾಗಲಿ.

ಪ್ರೀತಿ ಎಂದರೆ ಸಲಿಗೆಯಲ್ಲ. ಸುಮಾರು ಐನೂರು ಕಿಲೋ ತೂಗುವ ಪ್ರಾಣಿ ನಿಮ್ಮ ಮೈಮೇಲೆ ನುಗ್ಗಿಬಂದರೆ ಪ್ರತಿಸಲವೂ, ಸಿಟ್ಟಿಲ್ಲದೆ, ಎರಡು ಹೆಜ್ಜೆ ಹಿಂದಕ್ಕೆ ಸರಿಸಿ. ಇಂದು ಬಿಟ್ಟು ನಾಳೆ ಗದರಿಸಿದರೆ ಅದಕ್ಕೆ ದಿಕ್ಕು ತೋಚುವುದಿಲ್ಲ. ಬಾಯಿ ಹಾಕುವ ಕುದುರೆಗೆ ಬೆಲ್ಲ, ಕ್ಯಾರೆಟ್ ಕೈಯಿಂದ ಕೊಡಬೇಡಿ, ಬಕೆಟ್ಟಿಗೆ ಹಾಕಿ. ಮಗಳು ಹೆಲ್ಮೆಟ್ ಇಲ್ಲದೆ, ಒಬ್ಬಳೇ ಹತ್ತುವುದು ಬೇಡ. ಮುಂಗಾಲೆತ್ತಿ ನಿಲ್ಲುವ, ಹಿಡಿತ ತಪ್ಪಿ ಓಡುವ ಅಭ್ಯಾಸವಿದ್ದರೆ ರೇಸ್ ಕುದುರೆಗಳನ್ನು ಮರುತರಬೇತಿ ಮಾಡಿ ಅನುಭವವಿರುವವರನ್ನೇ ಕರೆಸಿ.

ನಿಮ್ಮ ಸೈಸರನ್ನು ಎದುರು ಹಾಕಿಕೊಳ್ಳಬೇಡಿ. ರೇಸ್ ಲಾಯದಲ್ಲಿ ಬೆಳಗಿನ ಕಸರತ್ತು ಮುಗಿದ ಮೇಲೆ ಸೈಸರು ಮಾಲೀಸು ಮಾಡುವುದನ್ನು ನಾನು ಹತ್ತಿರ ನಿಂತು ನೋಡಿದ್ದೇನೆ. ಮುಂಗೈಯ ಭಾರವನ್ನೆಲ್ಲ ಬಿಟ್ಟು ಕತ್ತಿನಿಂದ ತೊಡೆಯವರೆಗೆ ಒಂದೇ ಲಯದಲ್ಲಿ ಉಜ್ಜುತ್ತಾರೆ, ಹಲ್ಲಿನ ಸಂದಿಯಿಂದ ‘ಸ್ಸ್‌ ಸ್ಸ್‌’ ಎಂದು ಉಸಿರು ಬಿಡುತ್ತ. ಸ್ವಲ್ಪ ಹೊತ್ತಿಗೆ ಕುದುರೆಯ ಕೆಳತುಟಿ ಜೋತುಬೀಳುತ್ತದೆ, ಒಂದು ಹಿಂಗಾಲು ಸಡಿಲವಾಗುತ್ತದೆ. ನೀವು ಕೇಳುತ್ತಿರುವ ವಿದ್ಯೆ ಅವರ ಕೈಯಲ್ಲಿ ಮೂವತ್ತು ವರ್ಷದಿಂದ ಇದೆ. ಅದಕ್ಕೊಂದು ಹೆಸರಿದೆಯೆಂದು ಅವರಿಗೆ ಯಾರೂ ಹೇಳಿರಲಾರರು. ‘ಚಾಟಿ ಬೇಡ’ ಎಂದು ಶುರು ಮಾಡಬೇಡಿ. ‘ಮಾಲೀಸು ನನಗೂ ಹೇಳಿಕೊಡಿ’ ಎಂದು ಕೇಳಿ. ನಿಮಗೆ ಗುರು ಸಿಗುತ್ತಾರೆ, ಅವರ ಮರ್ಯಾದೆಯೂ ಉಳಿಯುತ್ತದೆ.

ಮಗಳಿಗೆ ಉಪದೇಶ ಬೇಡ. ‘ಅವತ್ತು ನಾನು ಹೊಡೆದದ್ದು ತಪ್ಪು, ನನಗೆ ಹೆದರಿಕೆಯಾಗಿತ್ತು’ ಎಂದಷ್ಟೇ ಹೇಳಿ, ಲಾಯಕ್ಕೆ ಬಾ ಎಂದು ಕರೆಯಬೇಡಿ. ಮಾರುವ ಮಾತನ್ನು ಮೂರು ತಿಂಗಳು ಮುಂದೂಡಿ. ಆಗಲೂ ಮಗಳ ಸುರಕ್ಷತೆಯ ಭರವಸೆ ಬಾರದಿದ್ದರೆ, ಅನುಭವಿ ಕೈಗೆ ದಾಟಿಸುವುದು ಸೋಲೇನಲ್ಲ.

ಈ ನಡುವೆ ಒಂದು ಬೆಳಿಗ್ಗೆ ನೀವು ಲಾಯದ ಬಾಗಿಲಲ್ಲಿ ನಿಂತಾಗ ಅದರ ಒಂದು ಕಿವಿ ನಿಮ್ಮತ್ತ ತಿರುಗಬಹುದು, ಆಮೇಲೆ ಕತ್ತು. ಎರಡು ಹೆಜ್ಜೆ ಬಂದು ನಿಮ್ಮ ತೋಳು ಮೂಸಿ ನೋಡಬಹುದು. ಅವತ್ತು ಇನ್ನೇನನ್ನೂ ಕೇಳಬೇಡಿ. ಒಂದಿಷ್ಟು ತುರಿಸಿ ವಾಪಸು ಬಂದುಬಿಡಿ. ಹಗ್ಗ ಸಡಿಲ ಬಿಡುವುದೆಂದರೆ ಇದೂ ಹೌದು.