ಬಿಡುಗಡೆ ಪತ್ರ ಕೈಗೆ ಬಂದ ಮೇಲಷ್ಟೇ ಬಿಡುಗಡೆ

ಆಂಧ್ರದ ಭೈರವಾನಿತಿಪ್ಪದ ಕಡೆಯ ಒಬ್ಬ ತಾಯಿ ನನ್ನ ಬಳಿ ಬಂದಾಗ ತಡವಾಗಿತ್ತು. ಮಳೆ ಕೈಕೊಟ್ಟ ವರ್ಷ ಮುಂಗಡ ಪಡೆದು, ಮಕ್ಕಳ ಸಮೇತ ಬೆಂಗಳೂರಿನ ಹೊರಗಿನ ಇಟ್ಟಿಗೆ ಗೂಡಿಗೆ ಗುಳೆ ಹೋಗಿದ್ದರು. 11 ವರ್ಷದ ಮಗನೂ ಇಟ್ಟಿಗೆ ಹೊತ್ತ. ಅಧಿಕಾರಿಗಳು ಬಂದರು, ಎಲ್ಲರನ್ನೂ ಬಸ್ಸು ಹತ್ತಿಸಿ ಊರಿಗೆ ಕಳಿಸಿದರು. ತಿಂಗಳೊಳಗೆ ಮುಂಗಡ ಕೊಟ್ಟಿದ್ದ ಮೇಸ್ತ್ರಿ ಬಾಗಿಲಿಗೆ ಬಂದು ನಿಂತ: "ಬಾಕಿ ಕೊಡು, ಇಲ್ಲವೇ ಹುಡುಗನನ್ನು ಕಳಿಸು." ಕಳಿಸಿಬಿಟ್ಟರು. ತೋರಿಸಲು ಅವರ ಬಳಿ ಒಂದು ಕಾಗದವೂ ಇರಲಿಲ್ಲ.

ಕಾಗದವಿಲ್ಲದ ಬಿಡುಗಡೆಯೇ ದೊಡ್ಡ ಬಲೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತದ ಸಾಲ ಆಗಲೇ ಸತ್ತಿದೆ. ಅದನ್ನು ವಸೂಲಿ ಮಾಡುವವನಿಗೆ 3 ವರ್ಷದವರೆಗೆ ಜೈಲು. ಅದು ಜೀತದ ಸಾಲವಲ್ಲ ಎಂದು ಸಾಬೀತು ಮಾಡಬೇಕಾದವನೂ ಅವನೇ, ನೀವಲ್ಲ. ಆದರೆ ಬಿಡುಗಡೆ ಪ್ರಮಾಣ ಪತ್ರವಿಲ್ಲದವರ ಮಾತನ್ನು ಕಚೇರಿಗಳು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕಾಸು ಬೇಡ, ಹೆಸರು ಹೇಳಲೇಬೇಕೆಂದೂ ಇಲ್ಲ. ಬಿಡಿಸಿದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವನ್ನು ಕಿತ್ತುಕೊಳ್ಳುತ್ತಾರೆಂದು ಹೆದರಿ ಬಚ್ಚಿಡಬೇಡಿ. ಆಧಾರ್, ಪಡಿತರ ಚೀಟಿ ಹಿಡಿದು ಹೋಗಿ, ಮನೆಗೆ ಕಳಿಸಿಕೊಡಿ ಎಂದು ಬರೆದು ಕೊಡಿ.

"ಅಪ್ಪ ಅಮ್ಮನಿಗೆ ಕೈ ಜೋಡಿಸುತ್ತಿದ್ದಾನೆ ಅಷ್ಟೇ" ಎಂದು ಮೇಸ್ತ್ರಿ ಹೇಳಿಯೇ ಹೇಳುತ್ತಾನೆ. ನಂಬಬೇಡಿ. 14 ತುಂಬದ ಮಗು ಸಹಾಯ ಮಾಡಬಹುದಾದದ್ದು ಸ್ವಂತ ಮನೆತನದ ಕಸುಬಿನಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. ಮಾಲೀಕನ ಗೂಡು ನಿಮ್ಮ ಮನೆತನದ್ದಲ್ಲ.

ಎರಡನೆಯದು, ದುಡಿಸಿಕೊಂಡ ಜಾಗದ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಯ ಮುಂದೆ ಮುಂಗಡದ ಮೊತ್ತ, ಕೊಡದ ಕೂಲಿ, ಹೊರಗೆ ಬಿಡದೆ ತಡೆದದ್ದು, ಮೂರನ್ನೂ ಹೇಳಿಕೆಯಲ್ಲಿ ಬರೆಸಿ. "ಕೂಲಿ ವ್ಯತ್ಯಾಸ" ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ಅಧಿಕಾರಿಗಳಿದ್ದಾರೆ. ಅಂಥ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಮಗುವಿನ ಹೆಸರಲ್ಲಿ ಪ್ರತ್ಯೇಕ ಬಿಡುಗಡೆ ಪತ್ರ ಕೇಳಿ. ಪತ್ರ ಸಿಗುವವರೆಗೆ ಬಸ್ಸು ಹತ್ತಬೇಡಿ.

ಜೀವಕ್ಕೆ ಅಪಾಯವಿದ್ದರೆ ಮಾತ್ರ ಮೊದಲು ಹೊರಟು ಬನ್ನಿ. ರಾಯದುರ್ಗ, ಮಡಕಶಿರಾ ಠಾಣೆಗಳಲ್ಲೇ ದೂರು ಕೊಡಬಹುದು. "ಅದು ಕರ್ನಾಟಕದ ವಿಷಯ" ಎಂದು ತಿರುಗಿ ಕಳಿಸುವುದು ತಪ್ಪು: ಕೃತ್ಯ ಎಲ್ಲೇ ನಡೆದಿರಲಿ, ಎಫ್‌ಐಆರ್ ದಾಖಲಿಸಲೇಬೇಕು. ಜೊತೆಗೆ ಕಲೆಕ್ಟರಿಗೂ ಅರ್ಜಿ ಹಾಕಿ. ಆದರೆ ನೆನಪಿರಲಿ, ರಾಯದುರ್ಗದವರಿಗೆ ಅನಂತಪುರ. ಮಡಕಶಿರಾದವರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯವರು, ಪುಟ್ಟಪರ್ತಿಗೆ ಹೋಗಬೇಕು.

ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ. ಅದಕ್ಕೆ ತೀರ್ಪು ಬರಬೇಕಿಲ್ಲ. ಮಕ್ಕಳಿಗೆ 2 ಲಕ್ಷದ ಪರಿಹಾರವಿದೆ, ಆದರೆ ಅದು ಪ್ರಕರಣದ ಫಲಿತಾಂಶ ನೋಡಿಕೊಂಡು ಬರುತ್ತದೆ. "ಬೇಗ ಕೊಡಿಸುತ್ತೇನೆ, ಪಾಲು ಕೊಡು" ಎನ್ನುವ ದಲ್ಲಾಳಿಗೆ ಬಿಡಿಗಾಸೂ ಕೊಡಬೇಡಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೆ ವಕೀಲರ ನೆರವು ಉಚಿತ.

ಇನ್ನು ಶಾಲೆ. ಟಿ.ಸಿ. ಇಲ್ಲ, ವರ್ಷದ ನಡುವೆ ಬಂದಿದ್ದಾನೆ ಎಂದು ಸೇರಿಸಿಕೊಳ್ಳದಿರಲು 2009ರ ಶಿಕ್ಷಣ ಹಕ್ಕು ಕಾಯ್ದೆ ಒಪ್ಪುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿಯೇ ಮನೆಗೆ ಹೋಗಿ. ಮೇಸ್ತ್ರಿ ಮತ್ತೆ ಬಂದ ದಿನ ಹುಡುಗ ತರಗತಿಯಲ್ಲಿರಲಿ, ಬಿಡುಗಡೆ ಪತ್ರ ನಿಮ್ಮ ಕೈಯಲ್ಲಿರಲಿ.