ಸಬ್ಮಿಟ್ ಒತ್ತಿದರೆ ಸ್ಕಾಲರ್‌ಶಿಪ್ ಬಂದಂಗಲ್ಲ!



ಕಳೆದ ವರ್ಷ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ಎಸ್‌ಎಸ್‌ಪಿ ಅರ್ಜಿಯನ್ನು ಎಲ್ಲರಿಗಿಂತ ಮೊದಲೇ ಹಾಕಿದ್ದ. ರೂಮಿನ ಉಳಿದವರಿಗೆಲ್ಲ ದುಡ್ಡು ಬಂತು, ಅವನಿಗೆ ಮಾತ್ರ ಇಲ್ಲ. ಊರಿಂದ ಅಪ್ಪ ಫೋನ್ ಮಾಡಿ "ಬಂತೇನೋ?" ಅಂದಾಗಲೆಲ್ಲ "ಬರುತ್ತೆ ಬಿಡಪ್ಪ" ಅಂತಿದ್ದ. ಕೊನೆಗೆ ಅಪ್ಪ ಕೈಸಾಲ ಮಾಡಿ ಫೀಸು ಕಟ್ಟಿದರು. ತಪ್ಪು ಅರ್ಜಿಯಲ್ಲಿ ಇರಲಿಲ್ಲ, ಬ್ಯಾಂಕ್ ಖಾತೆಯಲ್ಲಿತ್ತು. ಅದಕ್ಕೇ ಈ ಪಾಠವನ್ನು ಕೊನೆಯಿಂದ, ಅಂದರೆ ಖಾತೆಯಿಂದಲೇ ಶುರು ಮಾಡೋಣ.

೧. ಲಿಂಕ್ ಬೇರೆ, ಸೀಡಿಂಗ್ ಬೇರೆ

ಖಾತೆ ತೆರೆಯುವಾಗ ಆಧಾರ್ ಪ್ರತಿ ಕೊಟ್ಟಿರುತ್ತೇವೆ. ಅದು ಕೆವೈಸಿ ಅಷ್ಟೇ. ಸ್ಕಾಲರ್‌ಶಿಪ್ ಹಣ ಬರೋದು ಎನ್‌ಪಿಸಿಐ ಮ್ಯಾಪಿಂಗ್ ನೋಡಿಕೊಂಡು. ಅದನ್ನೊಂದು ಟೇಬಲ್ ಅಂದುಕೊಳ್ಳಿ: ಕೀ ನಮ್ಮ ಆಧಾರ್ ನಂಬರ್, ವ್ಯಾಲ್ಯೂ ಒಂದೇ ಒಂದು ಬ್ಯಾಂಕ್. ಆಮೇಲೆ ಇನ್ನೊಂದು ಬ್ಯಾಂಕಿನಲ್ಲಿ ಸೀಡಿಂಗ್ ಮಾಡಿಸಿದರೆ ಹಳೆಯದು ಹೋಗಿ ಹೊಸದು ಕೂರುತ್ತೆ. ಟೇಬಲ್‌ನಲ್ಲಿ ಹೆಸರೇ ಇಲ್ಲದಿದ್ದರೆ ಹಣ ಬರೋದೇ ಇಲ್ಲ. ನಮ್ಮ ಗೆಳೆಯನಿಗೆ ಆಗಿದ್ದು ಇದೇ.

ಮೈಆಧಾರ್ ಜಾಲತಾಣದಲ್ಲಿ ಲಾಗಿನ್ ಆಗಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿ. ಬ್ಯಾಂಕಿನ ಹೆಸರು, 'ಆಕ್ಟಿವ್' ಎರಡೂ ಕಾಣಬೇಕು. ಇಲ್ಲದಿದ್ದರೆ ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಮಾಡಿ" ಅನ್ನಬೇಡಿ. "ಡಿಬಿಟಿಗೆ ಆಧಾರ್ ಸೀಡಿಂಗ್ ಮಾಡಿಕೊಡಿ ಸಾರ್" ಅಂತ ಕೇಳಿ.

೨. ಹೆಸರು ಮತ್ತು ಆರ್‌ಡಿ ನಂಬರ್

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಮಾಡಿಸಿ. ಇನಿಷಿಯಲ್ ಹಿಂದೆಮುಂದೆ ಆದರೂ ತೊಂದರೆ ಬರಬಹುದು. ನಾಡಕಚೇರಿಯಲ್ಲಿ ಕೊಟ್ಟ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ, ಅವಧಿ ಮುಗಿದಿದೆಯಾ ನೋಡಿ. ಮುಗಿದಿದ್ದರೆ ಕೊನೆಯ ದಿನಾಂಕದ ತನಕ ಕಾಯಬೇಡಿ.

೩. ಇ-ದೃಢೀಕರಣ

ಅಪ್‌ಲೋಡ್ ಮಾಡಿದರೆ ಸಾಲದು. ದಾಖಲೆಗಳ ಮೂಲಪ್ರತಿ ನೋಡಿ ಕಾಲೇಜಿನ ಅಧಿಕಾರಿ ಒಪ್ಪಿಗೆ ಕೊಡಬೇಕು. ಫೀಸ್ ರಸೀದಿಯನ್ನು ಜೋಪಾನ ಮಾಡಿ. ಅರ್ಜಿ ಹಾಕಿದ ಮೇಲೂ ವಾರಕ್ಕೊಮ್ಮೆ ಸ್ಟೇಟಸ್ ನೋಡುತ್ತಿರಿ.

೪. ಬೇರೆ ದಾರಿಗಳೂ ಇವೆ

ಎಸ್‌ಎಸ್‌ಪಿ ಒಂದೇ ಅಲ್ಲ. ಎಐಸಿಟಿಇಯ 'ಪ್ರಗತಿ' ವಿದ್ಯಾರ್ಥಿನಿಯರಿಗೆ, 'ಸಕ್ಷಮ್' ಅಂಗವಿಕಲ ವಿದ್ಯಾರ್ಥಿಗಳಿಗೆ. ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು. ಮೊದಲ ವರ್ಷದವರು, ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷಕ್ಕೆ ಸೇರಿದವರು ಎನ್‌ಎಸ್‌ಪಿಯಲ್ಲಿ ಅರ್ಜಿ ಹಾಕಬೇಕು. ಮೊದಲ ವರ್ಷ ಬಿಟ್ಟರೆ ಮತ್ತೆ ಅವಕಾಶ ಇಲ್ಲ, ಆದ್ದರಿಂದ ಜೂನಿಯರ್‌ಗಳಿಗೆ ತಪ್ಪದೇ ಹೇಳಿ. ಹಾಸ್ಟೆಲ್ ಸಿಗದೆ ಹೊರಗೆ ರೂಮು ಮಾಡಿರುವ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ 'ವಿದ್ಯಾಸಿರಿ' ಇದೆ: ಊಟ-ವಸತಿಗೆ 10 ತಿಂಗಳ ನೆರವು.

ಕೊನೆಯ ಮಾತು. ಸ್ಕಾಲರ್‌ಶಿಪ್ ಕೇಳೋಕೆ ನಾಚಿಕೆ ಬೇಡ. ಅದು ಯಾರೋ ಹಾಕುವ ಭಿಕ್ಷೆಯಲ್ಲ, ನಮಗಾಗಿಯೇ ತೆಗೆದಿಟ್ಟ ಹಣ. ನಮ್ಮ ಗೆಳೆಯ ಸೀಡಿಂಗ್ ಮಾಡಿಸಿದ ಮೇಲೆ ತಡವಾಗಿಯಾದರೂ ದುಡ್ಡು ಬಂತು, ಕೈಸಾಲ ತೀರಿತು. ಆದರೆ ಅಷ್ಟು ತಿಂಗಳು ಆ ಮನೆಯವರು ಪಟ್ಟ ಚಿಂತೆಗೆ ಮರುಪಾವತಿ ಇಲ್ಲ. ಇವತ್ತೇ ಐದು ನಿಮಿಷ ಕೊಟ್ಟು ನಿಮ್ಮ ಸೀಡಿಂಗ್ ನೋಡಿಕೊಳ್ಳಿ, ಪಕ್ಕದವರದ್ದನ್ನೂ ನೋಡಿಸಿ.