ಸಣ್ಣ ತಂತ್ರಾಂಶಕ್ಕೆ ಸರಿಯಾದ ಇನ್‌ಸ್ಟಾಲರ್: ಆಯ್ಕೆಗೆ ಹನ್ನೊಂದು ಸೂತ್ರಗಳು

ಅಂಗಡಿಯ ಬಿಲ್ಲಿಂಗ್, ಶಾಲೆಯ ಅಂಕಪಟ್ಟಿ, ಕನ್ನಡ ಕೀಲಿಮಣೆ, ಸಂಘದ ಸಾಲದ ಲೆಕ್ಕ. ಇಂಥ ಸಣ್ಣ ತಂತ್ರಾಂಶಗಳನ್ನು ಒಬ್ಬರೋ ಇಬ್ಬರೋ ಕೂತು ಬರೆಯುತ್ತಾರೆ. ಕೋಡ್‌ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರೇ ಇನ್‌ಸ್ಟಾಲರನ್ನು ಮಾತ್ರ ಕೊನೆಯ ದಿನಕ್ಕೆ ತಳ್ಳಿ, ಕೈಗೆ ಸಿಕ್ಕ ಟೂಲ್‌ನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಗಿರಾಕಿ ಮೊದಲು ನೋಡುವುದು ಅದನ್ನೇ. ವಿಂಡೋಸ್‌ಗಾಗಿ ಬರೆಯುವವರು ಟೂಲ್ ಆರಿಸುವ ಮುನ್ನ ಈ ಸೂತ್ರಗಳನ್ನು ಒಮ್ಮೆ ನೋಡಿ.

1. ಇನ್‌ಸ್ಟಾಲರ್ ಬೇಕೇ ಎಂದು ಮೊದಲು ಕೇಳಿಕೊಳ್ಳಿ

ಒಂದೇ ಫೈಲಿನ ಪುಟ್ಟ ಪ್ರೋಗ್ರಾಂ ಆಗಿದ್ದರೆ ಜಿಪ್ ಮಾಡಿ ಕೊಟ್ಟರೆ ಸಾಕು. ಸ್ಟಾರ್ಟ್ ಮೆನುವಿನಲ್ಲಿ ಹೆಸರು ಕಾಣಬೇಕು, ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ನಿಮ್ಮ ಪ್ರೋಗ್ರಾಂ ತೆರೆಯಬೇಕು, ಫಾಂಟ್ ಅಥವಾ ಸರ್ವಿಸ್ ಸೇರಬೇಕು ಎಂದರೆ ಮಾತ್ರ ಇನ್‌ಸ್ಟಾಲರ್ ಬೇಕು. ಪೈಥಾನ್ ಬಳಸುವವರಿಗೆ ಒಂದು ಮಾತು: ಪೈಇನ್‌ಸ್ಟಾಲರ್ ಎಂಬ ಹೆಸರು ನೋಡಿ ಮೋಸ ಹೋಗಬೇಡಿ. ಅದು ಪ್ರೋಗ್ರಾಮನ್ನು ಇಎಕ್ಸ್‌ಇ ಆಗಿ ಕಟ್ಟಿಕೊಡುತ್ತದೆ, ಅಷ್ಟೇ. ಅದನ್ನು ಗಿರಾಕಿಯ ಕಂಪ್ಯೂಟರ್‌ನಲ್ಲಿ ಕೂರಿಸುವುದಕ್ಕೆ ಇನ್ನೊಂದು ಟೂಲ್ ಬೇಕು.

2. ಎರಡನೇ ಆವೃತ್ತಿಯನ್ನು ನೆನೆದು ಆರಿಸಿ

ಮೊದಲ ಸಲ ಇನ್‌ಸ್ಟಾಲ್ ಮಾಡುವುದು ಯಾವ ಟೂಲ್‌ನಿಂದಲೂ ಆಗುತ್ತದೆ. ಹಳೆಯದರ ಮೇಲೆ ಹೊಸದನ್ನು ಹಾಕುವ ದಿನ ಟೂಲಿನ ಯೋಗ್ಯತೆ ಗೊತ್ತಾಗುತ್ತದೆ. ಹಳೆಯದನ್ನು ಗುರುತಿಸಲು ಪ್ರತಿ ಟೂಲ್‌ಗೂ ಒಂದು ಸ್ಥಿರ ಗುರುತು ಬೇಕು. ಇನ್ನೋ ಸೆಟಪ್ ಎಂಬ ಟೂಲ್‌ನಲ್ಲಿ ಅದು ಆಪ್‌ಐಡಿ, ವಿಂಡೋಸ್‌ನದೇ ಇನ್‌ಸ್ಟಾಲರ್ ರೂಪವಾದ ಎಂಎಸ್‌ಐನಲ್ಲಿ ಅಪ್‌ಗ್ರೇಡ್ ಕೋಡ್. ಮೊದಲ ದಿನವೇ ನಿಗದಿ ಮಾಡಿ, ಆಮೇಲೆ ಮುಟ್ಟಬೇಡಿ. ಎಂಎಸ್‌ಐನಲ್ಲಿ ಇನ್ನೊಂದು ಬಲೆ ಇದೆ: ಆವೃತ್ತಿಗಳನ್ನು ಹೋಲಿಸುವಾಗ ಅದು ಮೊದಲ ಮೂರು ಅಂಕಿಗಳನ್ನಷ್ಟೇ ನೋಡುತ್ತದೆ. 1.2.3.4 ಇದ್ದದ್ದನ್ನು 1.2.3.5 ಮಾಡಿದರೆ ಅದರ ಲೆಕ್ಕದಲ್ಲಿ ಎರಡೂ ಒಂದೇ.

3. ಗೊಂದಲವಿದ್ದರೆ ಇನ್ನೋ ಸೆಟಪ್ ಹಿಡಿಯಿರಿ

ಜೋರ್ಡನ್ ರಸೆಲ್ 1997ರಲ್ಲಿ ಹೊರತಂದ ಈ ಟೂಲ್ ಇಂದಿಗೂ ಚಾಲ್ತಿಯಲ್ಲಿದೆ. ವಿಷುವಲ್ ಸ್ಟುಡಿಯೋ ಕೋಡ್, ಗಿಟ್ ಫಾರ್ ವಿಂಡೋಸ್‌ನಂಥ ಹೆಸರುವಾಸಿ ತಂತ್ರಾಂಶಗಳ ವಿಂಡೋಸ್ ಇನ್‌ಸ್ಟಾಲರ್ ಇದರಲ್ಲೇ ತಯಾರಾಗುತ್ತದೆ. ಯಾವ ಫೈಲ್ ಎಲ್ಲಿಗೆ ಹೋಗಬೇಕು, ಯಾವ ಶಾರ್ಟ್‌ಕಟ್ ಬೇಕು ಎಂದು ಸಾಲುಸಾಲಾಗಿ ಬರೆದರೆ ಮುಗಿಯಿತು. ವಿಶೇಷ ತರ್ಕ ಬೇಕಾದಾಗ ಮಾತ್ರ ಪ್ಯಾಸ್ಕಲ್ ಭಾಷೆಯ ನಾಲ್ಕು ಸಾಲು ಸೇರಿಸಬಹುದು. ಇದರ ದೊಡ್ಡ ಗುಣವೆಂದರೆ ಅನ್‌ಇನ್‌ಸ್ಟಾಲ್. ತಾನು ಏನೇನು ಹಾಕಿದೆ ಎಂದು ಅದೇ ಬರೆದಿಟ್ಟುಕೊಂಡು, ತೆಗೆಯುವಾಗ ಅಷ್ಟನ್ನೇ ತೆಗೆಯುತ್ತದೆ. ಒಬ್ಬರೇ ನಡೆಸುವ ಯೋಜನೆಗೆ ಈ ನೆಮ್ಮದಿ ಸಣ್ಣದಲ್ಲ.

4. ಪೂರ್ತಿ ಹಿಡಿತ ಬೇಕೆಂದರೆ ಎನ್‌ಎಸ್‌ಐಎಸ್, ಆದರೆ ಎಚ್ಚರ

ವಿನ್‌ಆಂಪ್ ಹಂಚಲು ನಲ್‌ಸಾಫ್ಟ್ ಕಂಪನಿ ಮಾಡಿಕೊಂಡ ಟೂಲ್ ಇದು. ನೋಟ್‌ಪ್ಯಾಡ್ ಪ್ಲಸ್‌ಪ್ಲಸ್, ಫೈಲ್‌ಜಿಲ್ಲಾ, ವಿಎಲ್‌ಸಿ ಇದನ್ನು ಬಳಸುತ್ತವೆ. ನಿಮ್ಮ ಫೈಲ್‌ಗಳ ಮೇಲೆ ಇದು ಸೇರಿಸುವ ಹೊರೆ ಸುಮಾರು 34 ಕೆಬಿ ಮಾತ್ರ. ಆದರೆ ಇಲ್ಲಿ ಪ್ರತಿ ಹೆಜ್ಜೆಯನ್ನೂ ನೀವೇ ಹೇಳಿಕೊಡಬೇಕು. ಅನ್‌ಇನ್‌ಸ್ಟಾಲ್ ಭಾಗವನ್ನೂ ನೀವೇ ಬರೆಯಬೇಕು. ‘ಇನ್‌ಸ್ಟಾಲ್ ಆದ ಫೋಲ್ಡರನ್ನು ಒಳಗಿರುವುದೆಲ್ಲದರ ಸಮೇತ ಅಳಿಸು’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿರಿ ಎನ್ನೋಣ. ಗಿರಾಕಿ ಆ ಫೋಲ್ಡರ್ ಬದಲು ತನ್ನ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಆರಿಸಿದ್ದರೆ ವರ್ಷಗಳ ಕಡತಗಳು ನಿಮ್ಮ ಪ್ರೋಗ್ರಾಂ ಜೊತೆಗೇ ಹೋಗುತ್ತವೆ. ನೀವು ಹಾಕಿದ ಫೈಲ್‌ಗಳನ್ನು ಹೆಸರು ಹಿಡಿದು ಅಳಿಸಿ.

5. ದೊಡ್ಡ ಸಂಸ್ಥೆಗೆ ಮಾರುವುದಾದರೆ ಎಂಎಸ್‌ಐ ಕಲಿಯಿರಿ

ಬ್ಯಾಂಕ್, ಕಾಲೇಜು, ಕಾರ್ಖಾನೆಗಳಲ್ಲಿ ಐಟಿ ವಿಭಾಗದವರು ನೂರಾರು ಕಂಪ್ಯೂಟರ್‌ಗಳಿಗೆ ಒಂದೇ ಕಡೆಯಿಂದ ತಂತ್ರಾಂಶ ಹಾಕುತ್ತಾರೆ. ಗ್ರೂಪ್ ಪಾಲಿಸಿಯ ಮೂಲಕ ಹಂಚುವವರು ಕೇಳುವುದು ಎಂಎಸ್‌ಐ ಫೈಲ್. ಅರ್ಧಕ್ಕೆ ಕೆಟ್ಟರೆ ಮೊದಲಿನ ಸ್ಥಿತಿಗೆ ಮರಳುವುದು, ಹಾಳಾದ ಫೈಲ್ ರಿಪೇರಿ ಮಾಡುವುದು ಇದರಲ್ಲೇ ಅಡಕವಾಗಿದೆ. ಇದನ್ನು ಕಟ್ಟಲು ಹೆಚ್ಚು ಬಳಕೆಯಲ್ಲಿರುವುದು ವಿಕ್ಸ್. 2004ರಲ್ಲಿ ಮೈಕ್ರೋಸಾಫ್ಟ್‌ನಿಂದ ಮುಕ್ತ ಪರವಾನಗಿಯಡಿ ಹೊರಬಂದ ಮೊದಲ ಯೋಜನೆ ಅದು. ಎಲ್ಲವನ್ನೂ ಎಕ್ಸ್‌ಎಂಎಲ್‌ನಲ್ಲಿ ಬರೆಯಬೇಕು, ಕಾಂಪೊನೆಂಟ್ ನಿಯಮಗಳು ಕಟ್ಟುನಿಟ್ಟು, ಕಲಿಯಲು ಸಮಯ ಹಿಡಿಯುತ್ತದೆ. ಅಂಥ ಗಿರಾಕಿ ಇಲ್ಲದಿದ್ದರೆ ಈ ಕಷ್ಟ ಬೇಡ.

6. ನಿಮ್ಮ ಫ್ರೇಮ್‌ವರ್ಕ್ ಏನು ಕೊಡುತ್ತದೆ, ನೋಡಿ

ಎಲೆಕ್ಟ್ರಾನ್‌ನವರು ಎಲೆಕ್ಟ್ರಾನ್ ಬಿಲ್ಡರ್ ಬಳಸುತ್ತಿದ್ದರೆ ಅದು ವಿಂಡೋಸ್‌ಗೆ ಎನ್‌ಎಸ್‌ಐಎಸ್ ಇನ್‌ಸ್ಟಾಲರನ್ನೇ ಕಟ್ಟುತ್ತದೆ. ಜಾವಾದವರಿಗೆ ಜೆಪ್ಯಾಕೇಜ್ ಇದೆ. ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಕಟ್ಟಲು ಅದಕ್ಕೂ ವಿಕ್ಸ್ ಜೊತೆಗಿರಬೇಕು. ಟೌರಿ ಎರಡು ದಾರಿಯನ್ನೂ ಕೊಡುತ್ತದೆ. ಸಿದ್ಧವಿರುವುದು ಸಾಲದು ಎನಿಸಿದಾಗ ಮಾತ್ರ ಹೊಸದನ್ನು ಹುಡುಕಿ.

7. ಅಡ್ಮಿನ್ ಹಕ್ಕು ಇಲ್ಲದೆ ನಡೆಯುವುದೇ, ನೋಡಿ

ಕಚೇರಿಯ ಕಂಪ್ಯೂಟರ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್ ಬಳಸುವವರ ಕೈಯಲ್ಲಿ ಇರುವುದಿಲ್ಲ. ಸರ್ವಿಸ್, ಡ್ರೈವರ್ ಇಲ್ಲದ ಸಣ್ಣ ಪ್ರೋಗ್ರಾಂ ಆ ಬಳಕೆದಾರರ ಖಾತೆಗಷ್ಟೇ ಇನ್‌ಸ್ಟಾಲ್ ಆದರೆ ಸಾಕು. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಫಾಂಟ್‌ಗಳನ್ನೂ ಹೀಗೆ ಹಾಕಬಹುದು. ಎರಡು ವಿಧಾನಗಳನ್ನೂ ಬೆರೆಸಿದರೆ ಮಾತ್ರ ಫಜೀತಿ. ಐಟಿಯವರು ಬಂದು ತಮ್ಮ ಪಾಸ್‌ವರ್ಡ್ ಒತ್ತಿದ ಕ್ಷಣದಿಂದ ಇನ್‌ಸ್ಟಾಲರ್ ಅವರ ಖಾತೆಯಲ್ಲಿ ಓಡುತ್ತದೆ. ಆಗ ‘ಈ ಬಳಕೆದಾರರಿಗೆ’ ಎಂದು ನೀವು ಹಾಕಿದ ಸೆಟ್ಟಿಂಗ್‌ಗಳೆಲ್ಲ ಐಟಿಯವರ ಪ್ರೊಫೈಲ್‌ಗೆ ಹೋಗುತ್ತವೆ, ಕೂತು ಕೆಲಸ ಮಾಡುವವರಿಗೆ ಸಿಗುವುದಿಲ್ಲ. ಯಾರಿಗೆ ಇನ್‌ಸ್ಟಾಲ್ ಎಂಬುದನ್ನು ಮೊದಲೇ ತೀರ್ಮಾನಿಸಿ. ಲೆಕ್ಕದ ಡೇಟಾವನ್ನಂತೂ ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿ ಇಡಲೇಬೇಡಿ.

8. ಕನ್ನಡ ಹೆಸರಿನ ಖಾತೆಯಲ್ಲಿ ಓಡಿಸಿ ನೋಡಿ

ಕಂಪ್ಯೂಟರ್‌ನಲ್ಲಿ ‘ಮಂಜುಳಾ’ ಎಂದು ಕನ್ನಡದಲ್ಲೇ ಸ್ಥಳೀಯ ಖಾತೆ ತೆರೆದರೆ ಅವರ ಫೋಲ್ಡರ್‌ನ ಹೆಸರೂ ಕನ್ನಡದಲ್ಲೇ ಇರುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಹಳೆಯ ಎಎನ್‌ಎಸ್‌ಐ ಕೋಡ್‌ಪೇಜ್ ಇಲ್ಲ, ಯೂನಿಕೋಡ್ ಒಂದೇ ದಾರಿ. ಹಾಗಾಗಿ ಯೂನಿಕೋಡ್ ಅರಿಯದ ಇನ್‌ಸ್ಟಾಲರ್‌ಗೆ ಆ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತದೆ. ತಾತ್ಕಾಲಿಕ ಫೋಲ್ಡರ್ ಸಿಗದೆ ಅಲ್ಲೇ ಕೈಚೆಲ್ಲುತ್ತದೆ. ಇನ್ನೋ ಸೆಟಪ್ 6 ಪೂರ್ತಿ ಯೂನಿಕೋಡ್. ಎನ್‌ಎಸ್‌ಐಎಸ್‌ನಲ್ಲಿ ಆ ಸೌಲಭ್ಯ ಬಂದದ್ದು 2016ರ 3.0 ಆವೃತ್ತಿಯಲ್ಲಿ, ಹಳೆಯ ಸ್ಕ್ರಿಪ್ಟ್ ನಕಲು ಮಾಡಿದವರು ಯೂನಿಕೋಡ್ ಆಯ್ಕೆ ಚಾಲೂ ಇದೆಯೇ ಎಂದು ನೋಡಿಕೊಳ್ಳಿ. ‘ಮುಂದೆ’, ‘ರದ್ದು’ ಗುಂಡಿಗಳೂ ಕನ್ನಡದಲ್ಲಿ ಬೇಕೆಂದರೆ ಎರಡು ಟೂಲ್‌ಗಳಲ್ಲೂ ಸಂದೇಶಗಳ ಕಡತ ಪ್ರತ್ಯೇಕವಾಗಿದೆ, ಕೂತು ಅನುವಾದಿಸಿಕೊಳ್ಳಬಹುದು.

9. ಡಿಜಿಟಲ್ ಸಹಿಯ ಖರ್ಚನ್ನು ಮೊದಲೇ ಲೆಕ್ಕ ಹಾಕಿ

ಸಹಿಯಿಲ್ಲದ ಹೊಸ ಫೈಲನ್ನು ಡೌನ್‌ಲೋಡ್ ಮಾಡಿ ತೆರೆದರೆ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಕೆ ಎದುರಾಗುತ್ತದೆ, ಅರ್ಧ ಜನ ಅಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ಟೂಲ್ ಯಾವುದಾದರೂ ಈ ಪರದೆ ತಪ್ಪದು. ಸಹಿ ಹಾಕಲು ಬೇಕಾದ ಸರ್ಟಿಫಿಕೇಟ್‌ಗೆ ಹಣ ಕೊಡಬೇಕು. 2023ರ ಜೂನ್‌ನಿಂದ ಅದರ ಖಾಸಗಿ ಕೀಲಿಯನ್ನು ಸಾಮಾನ್ಯ ಫೈಲಾಗಿ ಇಟ್ಟುಕೊಳ್ಳುವಂತಿಲ್ಲ, ಟೋಕನ್ ಅಥವಾ ಕ್ಲೌಡ್ ಸೇವೆಯ ಸುರಕ್ಷಿತ ಹಾರ್ಡ್‌ವೇರ್‌ನಲ್ಲೇ ಇರಬೇಕು. ಆದ್ದರಿಂದ ಆ ಟೋಕನ್ ಅಥವಾ ಕ್ಲೌಡ್ ಸೇವೆಯನ್ನು ನಿಮ್ಮ ಟೂಲ್ ತಾನೇ ಕರೆದು ಸಹಿ ಹಾಕಿಸಬಲ್ಲದೇ ಎಂದು ಪರೀಕ್ಷಿಸಿ. ಪ್ರೋಗ್ರಾಂ, ಇನ್‌ಸ್ಟಾಲರ್, ಅನ್‌ಇನ್‌ಸ್ಟಾಲರ್ ಮೂರಕ್ಕೂ ಸಹಿ ಬೇಕು. ಜೊತೆಗೆ ಟೈಮ್‌ಸ್ಟ್ಯಾಂಪ್ ಹಾಕಿಸಿ. ಇಲ್ಲದಿದ್ದರೆ ಸರ್ಟಿಫಿಕೇಟ್ ಅವಧಿ ಮುಗಿದ ದಿನ ಹಳೆಯ ಸಹಿಗೂ ಬೆಲೆ ಇರುವುದಿಲ್ಲ.

10. ಪರವಾನಗಿ ಓದಿ, ಸೈಲೆಂಟ್ ಮೋಡ್ ನೋಡಿ

‘ಫ್ರೀ’ ಎಂದರೆ ಎಲ್ಲರಿಗೂ ಎಲ್ಲ ಕಾಲಕ್ಕೂ ಅಲ್ಲ. ಎನ್‌ಎಸ್‌ಐಎಸ್ ವಾಣಿಜ್ಯ ಬಳಕೆಗೂ ಉಚಿತ. ವ್ಯಾಪಾರಕ್ಕೆ ಬಳಸುವವರು ಲೈಸೆನ್ಸ್ ಕೊಳ್ಳಿ ಎಂದು ಇನ್ನೋ ಸೆಟಪ್‌ನವರು ಈಗ ಕೇಳುತ್ತಾರೆ. ವಿಕ್ಸ್‌ನ ಹೊಸ ಆವೃತ್ತಿಗಳಿಗೆ ಆದಾಯ ಗಳಿಸುವವರು ನಿರ್ವಹಣಾ ಶುಲ್ಕ ಕೊಡಬೇಕು. ಇನ್ನು ಸೈಲೆಂಟ್ ಮೋಡ್: ಯಾವ ಪ್ರಶ್ನೆಯನ್ನೂ ಕೇಳದೆ ಇನ್‌ಸ್ಟಾಲ್ ಆಗುವ ಸೌಲಭ್ಯ ಈ ಮೂರರಲ್ಲೂ ಇದೆ. ಕಮಾಂಡ್ ಕೊಟ್ಟು ತಂತ್ರಾಂಶ ಹಾಕಿಸುವ ಮೈಕ್ರೋಸಾಫ್ಟ್‌ನ ವಿನ್‌ಗೆಟ್ ಈ ಮೂರು ಬಗೆಯನ್ನೂ ಗುರುತಿಸುತ್ತದೆ. ಟೂಲ್‌ನ ಸೌಲಭ್ಯಕ್ಕೆ ಅಡ್ಡ ಬರುವ ನಿಮ್ಮದೇ ಮೆಸೇಜ್ ಬಾಕ್ಸ್‌ಗಳನ್ನು ಮಾತ್ರ ತುರುಕಬೇಡಿ.

11. ಒಮ್ಮೆ ಆರಿಸಿದ ಮೇಲೆ ಬದಲಿಸಬೇಡಿ

ಇನ್ನೋ ಸೆಟಪ್‌ನಿಂದ ಹಾಕಿದ ಪ್ರೋಗ್ರಾಂ ಇದೆ ಎಂಬುದು ಎಂಎಸ್‌ಐಗೆ ತಿಳಿಯದು, ಎಂಎಸ್‌ಐನ ಸಂಗತಿ ಎನ್‌ಎಸ್‌ಐಎಸ್‌ಗೆ ತಿಳಿಯದು. ನಡುವೆ ಟೂಲ್ ಬದಲಿಸಿದರೆ ಗಿರಾಕಿಯ ಆಪ್ಸ್ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಕಾಣುತ್ತದೆ. ಅವರು ಹಳೆಯದೆಂದು ಒಂದನ್ನು ತೆಗೆದಾಗ ಹೊಸದರ ಫೈಲ್‌ಗಳೂ ಅದರೊಂದಿಗೆ ಹೋಗಬಹುದು. ಅದಕ್ಕೇ ಬಿಡುಗಡೆಗೆ ಮೊದಲೇ ಪರೀಕ್ಷೆ ಮುಗಿಸಿ. ವಿಂಡೋಸ್ ಪ್ರೊ ಇದ್ದರೆ ವಿಂಡೋಸ್ ಸ್ಯಾಂಡ್‌ಬಾಕ್ಸ್ ಸಿಗುತ್ತದೆ, ಹೋಮ್ ಆವೃತ್ತಿಯವರು ವರ್ಚುವಲ್ ಮಷೀನ್ ಬಳಸಿ. 1.0 ಹಾಕಿ, ಒಂದಿಷ್ಟು ಡೇಟಾ ತುಂಬಿ, ಅದರ ಮೇಲೆ 1.1 ಹಾಕಿ, ಕೊನೆಗೆ ಅನ್‌ಇನ್‌ಸ್ಟಾಲ್ ಮಾಡಿ. ಡೇಟಾ ಉಳಿದು ಮಿಕ್ಕದ್ದೆಲ್ಲ ಹೋದರೆ ಆ ಟೂಲ್ ನಿಮ್ಮದು.